ಎಂಜಿಬಿ ಕಾರು: ಬಣ್ಣದ ಕೆಳಗಿನ ಉಕ್ಕು

ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರುಗಳ ಸಂಖ್ಯೆ 5 ಲಕ್ಷವನ್ನು ಮೀರಿದೆ. ಆದುದರಿಂದ ಬ್ರಿಟನ್ನಿನ ಹಳೆಯ ಕಾರುಗಳ ಪೇಟೆಯಲ್ಲಿ ಇದು ಅಪರೂಪದ ಸರಕಲ್ಲ. ಬೆಲೆ ನಿಲ್ಲುವುದು ಕಾರಿನ ಸ್ಥಿತಿಯ ಮೇಲೆ. ಆದರೂ ಹೊಳೆಯುವ ಬಣ್ಣಕ್ಕೆ ಮಾರುಹೋಗಿ ಹಣ ತೆರುವವರುಂಟು.

ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ, ಸಿಲ್ ಎಂಬ ಪೊಳ್ಳು ಉಕ್ಕಿನ ಪೆಟ್ಟಿಗೆಗಳೇ ಭಾರ ಹೊರುತ್ತವೆ. ಮೇಲ್ಛಾವಣಿಯಿಲ್ಲದ ರೋಡ್‌ಸ್ಟರ್ ಮಾದರಿಯಲ್ಲಂತೂ ಅವುಗಳ ಹೊಣೆ ಇನ್ನೂ ಹೆಚ್ಚು. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಬೆರೆತ ನೀರು ಒಳಸೇರಿ, ಅವುಗಳನ್ನು ಒಳಗಿನಿಂದಲೇ ತಿನ್ನುತ್ತದೆ. ಕೊಳೆತ ಒಳಪದರದ ಮೇಲೆ ಹೊಸ ತಗಡು ಹೊದಿಸಿ ಬಣ್ಣ ಬಳಿದರೆ ದೋಷವು ಕಣ್ಣಿಗೆ ಕಾಣದು.

ಬಾಗಿಲು ಮುಚ್ಚಿ ಅದರ ಹಿಂಬದಿಯ ಸಂದನ್ನು ನೋಡಬೇಕು. ಅದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರಿನ ನಡು ಜಗ್ಗಿರುವ ಶಂಕೆ ಬಲವಾಗುತ್ತದೆ. ತೆಳುಬಟ್ಟೆ ಸುತ್ತಿದ ಅಯಸ್ಕಾಂತವು ಹಿಡಿಯದ ಕಡೆ ಇರುವುದು ಉಕ್ಕಲ್ಲ, ಪುಟ್ಟಿ. ನೆಲಹಾಸನ್ನು ಎತ್ತಿ ತೋರಿಸಲು ಒಡೆಯನು ಒಪ್ಪದಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

1798 ಸಿ.ಸಿ. ಎಂಜಿನ್ ಅಷ್ಟು ಅಂಜಿಸುವಂಥದಲ್ಲ. ರಚನೆ ಸರಳ, ಬಿಡಿಭಾಗಗಳು ಸುಲಭಲಭ್ಯ. ಕಾದ ಮೇಲೂ ತೈಲದ ಒತ್ತಡ ಉಳಿದು, ನೀಲಿ ಹೊಗೆ ಬಾರದಿದ್ದರೆ ಬಹುಮಟ್ಟಿಗೆ ಸಾಕು. ಸವೆದ ಎಂಜಿನ್ನಿನ ಗಟ್ಟಿ ಕಾರು, ಹೊಸ ಎಂಜಿನ್ನಿನ ತುಕ್ಕು ಕಾರಿಗಿಂತ ಮೇಲು.

‘ಪೂರ್ಣ ದುರಸ್ತಿಯಾಗಿದೆ’ ಎಂಬ ಮಾತಿಗೆ ಛಾಯಾಚಿತ್ರ ಮತ್ತು ಬಿಲ್ಲುಗಳ ಆಧಾರ ಬೇಕು. ಬಿಲ್ಲಿನಲ್ಲಿ ಸಿಲ್ಲಿನ ಹೊರತಗಡು ಮಾತ್ರ ನಮೂದಾಗಿದ್ದು ಒಳಪದರದ ಪ್ರಸ್ತಾಪವಿಲ್ಲದಿದ್ದರೆ, ಆ ಕೆಲಸದ ಖರ್ಚನ್ನು ಕಳೆದೇ ಬೆಲೆ ಹೇಳಬೇಕು.