ತೀನ್ ಮೂರ್ತಿಯ ಮೈಸೂರು ಸವಾರ

ದೆಹಲಿಯ ಕನ್ನಡಿಗರಿಗೆ ತೀನ್ ಮೂರ್ತಿ ಭವನವು ಚಿರಪರಿಚಿತವಾದುದು. ಪಂಡಿತ ನೆಹರೂ ಅವರು 1964ರವರೆಗೆ ವಾಸವಾಗಿದ್ದ ಈ ಮನೆಗೆ ಹೆಸರನ್ನಿತ್ತುದು ಎದುರಿನ ವೃತ್ತದಲ್ಲಿರುವ ಮೂರು ಕಂಚಿನ ಪ್ರತಿಮೆಗಳು. 1922ರಲ್ಲಿ ಸ್ಥಾಪಿತವಾದ, ಲೆನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿಯ ಈ ಕೃತಿಗಳು ಜೋಧಪುರ, ಹೈದರಾಬಾದು ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳನ್ನು ಪ್ರತಿನಿಧಿಸುತ್ತವೆ. ಅವುಗಳಲ್ಲೊಬ್ಬನು ನಮ್ಮವನೆಂಬುದನ್ನು ಬಲ್ಲ ಕನ್ನಡಿಗರು ವಿರಳ.

ಬಲ್ಲವರಾದರೂ ಸ್ಮರಿಸುವುದು ಹೈಫಾ ಒಂದನ್ನೇ. 1918ರ ಸೆಪ್ಟೆಂಬರ್ 23ರಂದು, ಕಾರ್ಮೆಲ್ ಬೆಟ್ಟಕ್ಕೂ ಕೀಶೋನ್ ನದಿಗೂ ನಡುವಣ ಇಕ್ಕಟ್ಟಾದ ದಾರಿಯನ್ನು ತುರ್ಕರ ಫಿರಂಗಿಗಳು ಕಾಯುತ್ತಿದ್ದುವು. ಮೈಸೂರು ಲ್ಯಾನ್ಸರ್ಸ್ ಪಡೆಗೆ ಬಂದ ಕೆಲಸ, ಕಡಿದಾದ ಇಳಿಜಾರನ್ನೇರಿ ಮೇಲಿನ ಫಿರಂಗಿಗಳನ್ನು ಹಿಡಿಯುವುದು. ಜೋಧಪುರದವರು ಕೆಳಗೆ ನೇರವಾಗಿ ನುಗ್ಗಿದರು. ನದಿಯ ದಂಡೆಯ ಕೆಸರುಮಳಲು ಕುದುರೆಗಳನ್ನು ತಡೆಯಿತು. ಅವರ ಮೇಜರ್ ದಳಪತ್ ಸಿಂಗರು ಮಡಿದರು. ಭರ್ಜಿ ಹಿಡಿದ ಸವಾರರು ಮೆಷಿನ್‌ಗನ್ನುಗಳನ್ನೆದುರಿಸಿ ಊರನ್ನು ಗೆದ್ದರು. ಸೆರೆಸಿಕ್ಕ ಶತ್ರುಗಳು 1,350. ನಮ್ಮ ಕಡೆ ಸತ್ತವರು 8 ಮಂದಿ. ಕುದುರೆಗಳು ಮಾತ್ರ 60 ಸತ್ತವು, ಅವನ್ನು ನೆನೆಯುವವರಿಲ್ಲ.

ಇಷ್ಟಕ್ಕೆ ಕಥೆ ಮುಗಿಯಲಿಲ್ಲ. ಅಕ್ಟೋಬರ್ 26ರಂದು ಅಲೆಪ್ಪೊದ ಉತ್ತರಕ್ಕಿರುವ ಹರಿತಾನ್ ಎಂಬಲ್ಲಿ ಮೈಸೂರು, ಜೋಧಪುರ ಪಡೆಗಳೆರಡು ತಮಗಿಂತ ಬಹುಪಾಲು ಹೆಚ್ಚಿದ್ದ ಶತ್ರುವಿನ ಮೇಲೆ ಬಿದ್ದುವು. ಒಳನುಗ್ಗಿದವರು ನಿಲ್ಲಲಾರದೆ ಹಿಂದೆ ಸರಿಯಬೇಕಾಯಿತು. ಅಂದು 21 ಮಂದಿ ಮಡಿದರು, 56 ಮಂದಿ ಗಾಯಗೊಂಡರು. ನಾಲ್ಕೇ ದಿನಗಳ ತರುವಾಯ ಮುದ್ರೋಸಿನಲ್ಲಿ ಯುದ್ಧವಿರಾಮಕ್ಕೆ ಸಹಿಯಾಯಿತು. ಹೈಫಾದ ಇಮ್ಮಡಿಗಿಂತ ಮಿಗಿಲಾದ ಈ ಸಾವು ನಮ್ಮ ನೆನಪಿನಲ್ಲಿ ನಿಲ್ಲಲಿಲ್ಲ. ಗೆದ್ದ ಊರೊಂದರ ಹೆಸರು ಅದಕ್ಕೆ ಅಂಟಿಕೊಂಡಿರಲಿಲ್ಲವೆಂಬುದೇ ಕಾರಣವೆಂದು ನನಗೆ ತೋರುತ್ತದೆ.

ಪಂಚಾಂಗವನ್ನು ನೋಡಿದರೆ ಹೈಫಾದ ಯುದ್ಧವು ಭಾದ್ರಪದ ಬಹುಳದಲ್ಲಿ, ಅಂದರೆ ಪಿತೃಪಕ್ಷದಲ್ಲಿಯೇ ನಡೆದುದು. ಹರಿತಾನಿನದು ದೀಪಾವಳಿ ಸಮೀಪಿಸಿದ್ದಾಗ. ಮೃತನಾದ ತಿಥಿ ತಿಳಿಯದವನಿಗೆ ಮಹಾಲಯ ಅಮಾವಾಸ್ಯೆಯಂದು ಎಡೆಯಿಡುವುದು ನಮ್ಮ ರೂಢಿ. ಸಮಾಧಿಯಿಲ್ಲದವರಿಗೆ ಸರಕಾರ ಮಾಡಿದ ಏರ್ಪಾಡು ಬೇರೆ. ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಮಡಿದ ಸುಮಾರು 4,000 ಭಾರತೀಯ ಯೋಧರಿಗಾಗಿ 1926ರಲ್ಲಿ ಸೂಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫೀಕಿನಲ್ಲಿ ಸ್ಮಾರಕವೆದ್ದಿತು. 1967ರಿಂದ 1973ರವರೆಗಿನ ಕದನಗಳಲ್ಲಿ ಅದು ಜಖಂಗೊಂಡುದರಿಂದ ಕೆಡವಬೇಕಾಯಿತು. 1980ರಲ್ಲಿ ಕೈರೋದ ಹೀಲಿಯೊಪೊಲಿಸಿನಲ್ಲಿ ಆ ಹೆಸರುಗಳನ್ನು ಮರಳಿ ಕೆತ್ತಿಸಿದರು.

2018ರಲ್ಲಿ ದೆಹಲಿಯ ವೃತ್ತದ ಹೆಸರಿಗೆ ಹೈಫಾ ಸೇರಿತು. ಸೆಪ್ಟೆಂಬರ್ 23ರಂದು ಅಲ್ಲಿ ಹೂವಿಡುವ ನಮ್ಮ ಸಂಘದವರು ಅಕ್ಟೋಬರ್ 26ರಂದೂ ಒಮ್ಮೆ ಹೋಗಿಬರಬಹುದು.