ಆಮೆಯ ಮೊಟ್ಟೆಗೆ ಕಾವು

ತಾಯಿಕೋಳಿಯು ಮೊಟ್ಟೆಗಳ ಮೇಲೆ ಕುಳಿತು, ಕೊಕ್ಕಿನಿಂದ ಆಗಾಗ ಅವನ್ನು ಹೊರಳಿಸುತ್ತ, 21 ದಿನಗಳಲ್ಲಿ ಮರಿ ಮಾಡುವುದನ್ನು ನಮ್ಮ ಹಳ್ಳಿಯ ಮಕ್ಕಳೆಲ್ಲರೂ ನೋಡಿರುತ್ತಾರೆ. ಆಮೆಯ ರೀತಿಯೇ ಬೇರೆ. ಅದು ನೆಲದಲ್ಲಿ ಗುಳಿ ತೋಡಿ, ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ, ಮರಳಿ ನೋಡುವುದಿಲ್ಲ. ಕಾವು ಕೊಡುವ ಕೆಲಸವೆಲ್ಲ ಬಿಸಿಲಿನದು, ಮಣ್ಣಿನದು. ಆದುದರಿಂದ ಆಮೆಯ ಮೊಟ್ಟೆಗಾಗಿ ಕಾವುಪೆಟ್ಟಿಗೆಯನ್ನು, ಎಂದರೆ ಇನ್‌ಕ್ಯುಬೇಟರನ್ನು, ಆರಿಸುವವರು ಕೋಳಿಯನ್ನು ಮರೆತು ಆ ಗುಳಿಯನ್ನು ನೆನೆಯಬೇಕು.

ಈ ವಿದ್ಯೆಯು ಒಂದು ಕುಲವನ್ನೇ ಉಳಿಸಿದುದುಂಟು. ಶಾಂತಸಾಗರದಲ್ಲಿ, ಈಕ್ವೆಡಾರ್ ದೇಶಕ್ಕೆ ಸೇರಿದ ಗಲಾಪಗೋಸ್ ದ್ವೀಪಗಳಿವೆ. ಅವುಗಳಲ್ಲೊಂದಾದ ಎಸ್ಪಾನ್ಯೋಲಾದ ದೈತ್ಯ ಆಮೆಗಳನ್ನು ಹಿಂದೆ ಹಡಗಿನವರು ಮಾಂಸಕ್ಕಾಗಿ ಹೊತ್ತೊಯ್ದರು; ಉಳಿದವುಗಳ ಮೇವನ್ನು ಆಡುಗಳು ತಿಂದುಹಾಕಿದವು. 1963ರಿಂದ 1974ರವರೆಗೆ ಹುಡುಕಿದಾಗ ದೊರೆತವು 14 ಮಾತ್ರ: 12 ಹೆಣ್ಣು, 2 ಗಂಡು. ಅವನ್ನು ಸಾಂತಾ ಕ್ರೂಸ್ ದ್ವೀಪದ ಚಾರ್ಲ್ಸ್ ಡಾರ್ವಿನ್ ಸಂಶೋಧನ ಕೇಂದ್ರಕ್ಕೆ ತಂದರು. ಅಮೆರಿಕದ ಸಾನ್ ಡಿಯಾಗೋ ಮೃಗಾಲಯದಲ್ಲಿದ್ದ ಇನ್ನೊಂದು ಗಂಡು ಬಂದು ಸೇರಿತು. ಇನ್ನು ಆ ಕುಲದ ಅಳಿವು ಉಳಿವು ಮೊಟ್ಟೆಗಳ ಆರೈಕೆಯನ್ನೇ ನೆಚ್ಚಿತ್ತು.

ಆಮೆಯ ಮೊಟ್ಟೆಯನ್ನು ಹೊರಳಿಸಲಾಗದು. ಇಟ್ಟ ಸ್ವಲ್ಪ ಕಾಲದಲ್ಲಿಯೇ ಭ್ರೂಣವು ಮೊಟ್ಟೆಯ ಮೇಲ್ಭಾಗದ ಒಳಮೈಗೆ ಅಂಟಿಕೊಳ್ಳುತ್ತದೆ. ಬಳಿಕ ತಲೆಕೆಳಗಾದರೆ ಸಾಯುವ ಭಯವುಂಟು. ಅದಕ್ಕಾಗಿಯೇ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಗುಳಿಯಲ್ಲಿ ಹೇಗಿತ್ತೋ ಹಾಗೆಯೇ ಪೆಟ್ಟಿಗೆಯಲ್ಲಿ ಇಡುವುದು. ಕೋಳಿಮೊಟ್ಟೆಗಳನ್ನು ತಾನಾಗಿಯೇ ಹೊರಳಿಸುವ ಯಂತ್ರವು ಎಷ್ಟು ಬೆಲೆಯದಾದರೇನು, ಇಲ್ಲಿ ಅದು ಯಮನೇ ಸರಿ. ಬಲವಾದ ಗಾಳಿ ಬೀಸುವ ಪಂಖವೂ ಬೇಡ, ತೇವವೆಲ್ಲ ಆರಿಹೋಗುತ್ತದೆ.

ಉಷ್ಣದ ವಿಷಯದಲ್ಲಿ ಒಂದು ಸೋಜಿಗವಿದೆ. ಈ ಆಮೆಗಳಲ್ಲಿ ಮರಿಯು ಗಂಡೋ ಹೆಣ್ಣೋ ಎಂಬುದನ್ನು ಕಾವಿನ ಉಷ್ಣವೇ ನಿರ್ಧರಿಸುತ್ತದೆ. 28 ಡಿಗ್ರಿ ಸೆಂಟಿಗ್ರೇಡಿನಲ್ಲಿ ಗಂಡುಗಳು, 29.5ರಲ್ಲಿ ಹೆಣ್ಣುಗಳು. ಅಂತರವು ಒಂದೂವರೆ ಡಿಗ್ರಿ ಮಾತ್ರ! ಆದುದರಿಂದ ಪೆಟ್ಟಿಗೆಯ ಹೊಳಪನ್ನು ನೋಡದೆ, ಉಷ್ಣವನ್ನು ಹಿಡಿದಿಡುವ ನಿಯಂತ್ರಕವನ್ನು ನೋಡಬೇಕು. ಖಾಲಿ ಪೆಟ್ಟಿಗೆಯನ್ನು ಕೆಲವು ದಿನ ನಡೆಸಿ, ಮೊಟ್ಟೆಯಿಡುವ ಮಟ್ಟದಲ್ಲಿಯೇ ಬೇರೊಂದು ಉಷ್ಣಮಾಪಕವನ್ನಿಟ್ಟು, ಹಗಲೂ ರಾತ್ರಿಯೂ ಅಳೆಯಬೇಕು. ವಿದ್ಯುತ್ತು ನಿಂತರೆ ಏನು ಗತಿಯೆಂಬುದನ್ನೂ ಮೊದಲೇ ಯೋಚಿಸಬೇಕು.

ಹಲವು ತಿಂಗಳು ಕಳೆದ ಮೇಲೆ ಮೊಟ್ಟೆಯು ಬಿರಿದರೂ ಮರಿಯನ್ನು ಆತುರದಿಂದ ಎಳೆಯತಕ್ಕದ್ದಲ್ಲ. ಹೊಟ್ಟೆಗಂಟಿದ ಹಳದಿಯ ಚೀಲವು ಒಳಸೇರಬೇಕು. ಅದೇ ಅದರ ಬುತ್ತಿ. ಕೇಂದ್ರದಲ್ಲಿ ಮರಿಗಳನ್ನು ಕೆಲವು ವಾರ ಕತ್ತಲೆಯ ಪೆಟ್ಟಿಗೆಯಲ್ಲಿಯೇ ಇರಿಸುತ್ತಾರೆ, ಗುಳಿಯೊಳಗಿದ್ದಂತೆ. ಹೀಗೆ ಬೆಳೆಸಿದ ಸುಮಾರು 2000 ಆಮೆಗಳು ಎಸ್ಪಾನ್ಯೋಲಾವನ್ನು ಸೇರಿದವು. 2020ರ ಜೂನ್ ತಿಂಗಳಿನಲ್ಲಿ ಆ 15 ಹಿರಿಯ ಆಮೆಗಳನ್ನೂ ಅಲ್ಲಿಗೆ ಮರಳಿಸಲಾಯಿತು.

ಪಾಲಕರಲ್ಲಿಯೂ ಮಕ್ಕಳಲ್ಲಿಯೂ ಒಂದು ಅರಿಕೆ. ನಮ್ಮ ಒಣನೆಲದ ನಕ್ಷತ್ರ ಆಮೆಯ ಮೇಲೆ ಇದನ್ನು ಪ್ರಯೋಗಿಸಲು ಹೊರಡಬೇಡಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದನ್ನು ಹಿಡಿದು ಮನೆಯಲ್ಲಿ ಸಾಕುವುದೂ ಅದರ ಮೊಟ್ಟೆಗಳನ್ನು ಕೊಂಡೊಯ್ಯುವುದೂ ಅಪರಾಧ. ಹೊಲವನ್ನು ಉಳುವಾಗ ಮೊಟ್ಟೆಗಳು ಕಂಡುಬಂದರೆ, ಹೊರಳಿಸದೆ ಮೆಲ್ಲನೆ ಮಣ್ಣು ಮುಚ್ಚಿ, ಅರಣ್ಯ ಇಲಾಖೆಯವರಿಗೆ ತಿಳಿಸಿರಿ.