ಹಾನಗಲ್ಲ ಮಳೆ, ಸವಣೂರ ಬಿಸಿಲು, ನಡುವೆ ಒಂದು ಫೈಟರ್ ಮೀನು

ಅಂಗಡಿಯಲ್ಲಿ ಫೈಟರ್ ಮೀನು ಸಿಗುವುದು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಅದಕ್ಕೆ ಅಷ್ಟೇ ನೀರು ಸಾಕೆಂದು ತಿಳಿದು ಮನೆಯಲ್ಲೂ ಗಾಜಿನ ಬಟ್ಟಲಿಗೆ ಬಿಡುತ್ತಾರೆ. ನಮ್ಮ ಹಾವೇರಿ ಜಿಲ್ಲೆಯ ಹವೆಗೆ ಆ ಬಟ್ಟಲು ಸಲ್ಲದು.

ಬೆಟ್ಟಾ ಎಂಬ ಈ ಮೀನಿನ ತವರು ಥಾಯ್ಲೆಂಡ್. ಚಾವೊ ಫ್ರಯಾ ನದಿ ಬಯಲಿನ ಭತ್ತದ ಗದ್ದೆ, ಜೌಗುಗಳ ಬೆಚ್ಚನೆ ನೀರಿನಲ್ಲಿ ಬೆಳೆದದ್ದು. 2019ರಲ್ಲಿ ಆ ದೇಶ ಇದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಕಿವಿರಿನ ಜೊತೆಗೆ ತಲೆಯೊಳಗೆ ಗಾಳಿ ಹೀರುವ ಅಂಗವೂ ಇರುವುದರಿಂದ ಆಮ್ಲಜನಕ ಕಡಿಮೆಯಾದ ನೀರಿನಲ್ಲೂ ಉಸಿರಾಡಬಲ್ಲದು. ನಮ್ಮ ಕೆರೆಗಳ ಕೊರವ ಮೀನೂ ಮೇಲೆ ಬಂದು ಗಾಳಿ ನುಂಗುತ್ತದಲ್ಲ, ಇದು ಅದರ ದೂರದ ನೆಂಟ. ಆದರೆ ಚಳಿಗೆ ಇಂಥ ಯಾವ ಉಪಾಯವೂ ಇದರ ಬಳಿ ಇಲ್ಲ. ನೀರು ಎಷ್ಟು ಬೆಚ್ಚಗಿದೆಯೋ ಮೈಯೂ ಅಷ್ಟೇ ಬೆಚ್ಚಗೆ. 25ರಿಂದ 28 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 20ರ ಹತ್ತಿರಕ್ಕೆ ಇಳಿದರೆ ರೆಕ್ಕೆ ಮುದುಡಿಕೊಂಡು ತಳ ಹಿಡಿಯುತ್ತದೆ, ಹಾಕಿದ ಕಾಳು ಮುಟ್ಟುವುದಿಲ್ಲ, ಮೈಮೇಲೆ ಬಿಳಿ ಚುಕ್ಕೆ ರೋಗ ಏಳಬಹುದು.

ಸವಣೂರಿನ ಬಯಲಿನಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಿಸಿಲು ಸುಡುತ್ತದೆ. ಹಾನಗಲ್ಲ ಮಲೆನಾಡಿನ ಅಂಚು. ಅಲ್ಲಿ ಡಿಸೆಂಬರ್ ರಾತ್ರಿಗಳಷ್ಟೇ ಅಲ್ಲ, ಬಿಸಿಲೇ ಕಾಣದ ಆಷಾಢ, ಶ್ರಾವಣದ ಮಳೆದಿನಗಳೂ ನೀರನ್ನು ತಣ್ಣಗಾಗಿಸುತ್ತವೆ. ಶಿಗ್ಗಾಂವಿ, ಹಿರೇಕೆರೂರಿನವರಿಗೆ ಎರಡರದ್ದೂ ಪಾಲು ಉಂಟು. ಚಳಿಗಿಂತ, ಸೆಕೆಗಿಂತ ಮೀನನ್ನು ಹೆಚ್ಚು ಬಳಲಿಸುವುದು ಹಗಲು ರಾತ್ರಿಗಳ ಏರಿಳಿತ. ಒಂದು ಲೀಟರ್ ನೀರು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಇಪ್ಪತ್ತು ಲೀಟರ್ ನಿಧಾನ. ಅದಕ್ಕೇ ಮೊದಲು ಖರ್ಚು ಮಾಡಬೇಕಾದ್ದು ದೊಡ್ಡ ತೊಟ್ಟಿಗೆ.

ಎರಡನೆಯ ಖರ್ಚು ಥರ್ಮಾಮೀಟರಿಗೆ. ಬೆರಳದ್ದಿ ನೋಡುವುದನ್ನು ನಂಬಬೇಡಿ. ನಮ್ಮ ಮೈಶಾಖ 37 ಡಿಗ್ರಿಯಾದ್ದರಿಂದ ಮೀನಿಗೆ ಹಿತವಾದ 26 ಡಿಗ್ರಿಯ ನೀರೂ ಕೈಗೆ ತಣ್ಣಗೇ ಹತ್ತುತ್ತದೆ. ಇಪ್ಪತ್ತು ಲೀಟರಿಗೆ 25 ವಾಟಿನ, ತಾನೇ ಆರಿ ಹೊತ್ತುವ ಹೀಟರ್ ಸಾಕು. ಒಂದೇ ಸಮನೆ ಉರಿದರೂ 40 ಗಂಟೆಗೆ ಒಂದು ಯೂನಿಟ್. ನೀರು ಬದಲಿಸುವ ಮೊದಲು ಅದರ ಪ್ಲಗ್ ಕೀಳಲೇಬೇಕು. ಕಾದ ಹೀಟರ್ ನೀರಿನಿಂದ ಹೊರಗುಳಿದರೆ ಗಾಜು ಸಿಡಿಯುತ್ತದೆ. ಚಳಿಗಾಲದ ರಾತ್ರಿ ಕರೆಂಟ್ ಹೋದರೆ ತೊಟ್ಟಿಯ ಸುತ್ತ ಕೌದಿ ಹೊದಿಸಿ, ಗಾಳಿಗೆ ಮೇಲೆ ಸಂದು ಬಿಡಿ.

ಹೆಚ್ಚು ಮೀನು ನರಳುವುದು ನೀರು ಬದಲಿಸುವ ದಿನ. ಬೇಸಿಗೆಯ ಮಧ್ಯಾಹ್ನ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಕೈ ಸುಡುತ್ತದೆ, ಹರವಿಯ ನೀರು ಕೊರೆಯುತ್ತದೆ. ಎರಡನ್ನೂ ನೇರ ಸುರಿಯಬಾರದು. ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ತುಂಬಿ ತೊಟ್ಟಿಯ ಪಕ್ಕದಲ್ಲಿಟ್ಟರೆ ಬೆಳಗಿಗೆ ಬಕೆಟ್ಟಿನ ನೀರೂ ತೊಟ್ಟಿಯ ನೀರೂ ಹೆಚ್ಚುಕಡಿಮೆ ಒಂದೇ ಹದಕ್ಕೆ ಬರುತ್ತವೆ. ನಲ್ಲಿ ನೀರಾದರೆ ಕ್ಲೋರಿನ್ನೂ ಬಹುಮಟ್ಟಿಗೆ ಹಾರಿರುತ್ತದೆ. ಕಾಲುಭಾಗಕ್ಕಿಂತ ಹೆಚ್ಚು ಒಮ್ಮೆಲೇ ಬದಲಿಸಬೇಡಿ.

ಮರಿ ಮಾಡಿಸುವವರಿಗೆ ಮುಚ್ಚಳವೂ ಬೇಕು. ಗಂಡು ಮೀನು ನೀರಿನ ಮೇಲೆ ನೊರೆಯ ಗೂಡು ಕಟ್ಟಿ, ಜಾರಿಬಿದ್ದ ಮೊಟ್ಟೆಗಳನ್ನು ಬಾಯಲ್ಲಿ ಹೆಕ್ಕಿ ಮತ್ತೆ ಗೂಡಿಗೆ ಸೇರಿಸುತ್ತದೆ. ಬೆಚ್ಚನೆ ನೀರಿನಲ್ಲಿ ಮೊಟ್ಟೆ ಒಡೆಯಲು ಒಂದೆರಡು ದಿನ ಸಾಕು. ಮರಿಗಳಿಗೆ ಗಾಳಿ ಹೀರುವ ಅಂಗ ಬೆಳೆಯುವುದು ಆಮೇಲಿನ ವಾರಗಳಲ್ಲಿ. ಆ ದಿನಗಳಲ್ಲಿ ನೀರಿನ ಮೇಲಿನ ಗಾಳಿಯೂ ಬೆಚ್ಚಗಿರಬೇಕು. ಹಾನಗಲ್ಲಿನ ಮಳೆಗಾಲದಲ್ಲಿ ಮರಿ ಮಾಡಿಸಹೊರಟವರು ಹೀಟರಿನಷ್ಟೇ ಗಮನವನ್ನು ಮುಚ್ಚಳಕ್ಕೂ ಕೊಡಬೇಕು.